ನಕ್ಷತ್ರ ಗುರುತಿನ ಶಾಲೆ

ಕ್ಯಾಲಿಫೋರ್ನಿಯದ ಸರ್ಕಾರಿ ಶಾಲೆಗಳಿಗೆ ಒಂದು ಕಾಲಕ್ಕೆ ಎಪಿಐ ಎಂಬ ಅಂಕ ಕೊಡುತ್ತಿದ್ದರು. 1999ರ ಕಾಯ್ದೆಯಿಂದ ಹುಟ್ಟಿದ ಈ ಅಂಕ 200ರಿಂದ 1000ದವರೆಗೆ ಹರಡಿತ್ತು. 800 ಮುಟ್ಟುವುದು ಎಲ್ಲರ ಗುರಿ. ಪರೀಕ್ಷೆ ಬರೆದ ಮಕ್ಕಳು ನೂರಕ್ಕಿಂತ ಕಡಿಮೆಯಿದ್ದರೆ ಆ ಶಾಲೆಯ ಅಂಕದ ಪಕ್ಕ ಒಂದು ಪುಟ್ಟ ನಕ್ಷತ್ರ ಗುರುತು ಇರುತ್ತಿತ್ತು. ಈ ಅಂಕ ಅಷ್ಟು ಗಟ್ಟಿಯಲ್ಲ, ಜೋಪಾನವಾಗಿ ಓದಿ ಎಂದು ಅದರ ಅರ್ಥ. 2013ರ ನಂತರ ಎಪಿಐ ಹೋಯಿತು. 2017ರಲ್ಲಿ ಕೆಂಪಿನಿಂದ ನೀಲಿಯವರೆಗೆ ಐದು ಬಣ್ಣಗಳ ಡ್ಯಾಶ್‌ಬೋರ್ಡ್ ಬಂತು. ಸಣ್ಣ ಶಾಲೆಯ ಅಂಕವನ್ನು ಜೋಪಾನವಾಗಿ ಓದುವ ಅಭ್ಯಾಸವಂತೂ ಆಗಲೂ ಬೆಳೆಯಲಿಲ್ಲ, ಈಗಲೂ ಬೆಳೆದಿಲ್ಲ. ಇದರ ಪೆಟ್ಟು ಹೆಚ್ಚು ಬೀಳುವುದು ಚಾರ್ಟರ್ ಪ್ರಾಥಮಿಕ ಶಾಲೆಗಳ ಮೇಲೆ, ಏಕೆಂದರೆ ಅವುಗಳಲ್ಲಿ ಸಣ್ಣವು ಬಹಳ.

ಚಾರ್ಟರ್ ಶಾಲೆ ಎಂದರೆ ಸರ್ಕಾರದ ದುಡ್ಡಿನಲ್ಲಿ, ಫೀಸಿಲ್ಲದೆ, ತನ್ನದೇ ಆಡಳಿತ ಮಂಡಳಿಯಡಿ ನಡೆಯುವ ಶಾಲೆ. 1991ರಲ್ಲಿ ಮಿನ್ನೆಸೋಟ, ಮರುವರ್ಷ ಕ್ಯಾಲಿಫೋರ್ನಿಯ ಇದಕ್ಕೆ ಕಾನೂನು ಮಾಡಿದವು. ಪರವಾನಗಿಗೆ ಅವಧಿಯುಂಟು, ಅವಧಿ ಮುಗಿದಾಗ ನವೀಕರಣದ ಮೇಜಿನ ಮೇಲೆ ಮೊದಲು ತೆರೆದುಕೊಳ್ಳುವುದು ಪರೀಕ್ಷೆಯ ಫಲಿತಾಂಶವೇ. ಹಾಗಾಗಿ ಆ ಸಂಖ್ಯೆ ಶಾಲೆಗೆ ಉಸಿರಿನ ಪ್ರಶ್ನೆ.

ಒಂದು ತರಗತಿಯನ್ನು ಊಹಿಸಿಕೊಳ್ಳಿ. ಮೂರನೇ ಕ್ಲಾಸು, ಇಪ್ಪತ್ತು ಮಕ್ಕಳು. ಗಣಿತದಲ್ಲಿ ಹನ್ನೊಂದು ಮಂದಿ ನಿಗದಿತ ಮಟ್ಟ ಮುಟ್ಟಿದರು: ಶೇ. 55. ಮರುವರ್ಷ ಅದೇ ಟೀಚರ್, ಅದೇ ಪುಸ್ತಕ, ಬೇರೆ ಇಪ್ಪತ್ತು ಮಕ್ಕಳು. ಈ ಕ್ಲಾಸಿಗೆ ಬರಬೇಕಿದ್ದ, ಲೆಕ್ಕದಲ್ಲಿ ಚುರುಕಾಗಿದ್ದ ಅವಳಿ ಹುಡುಗಿಯರ ಮನೆಯವರು ಬಾಡಿಗೆ ತಾಳಲಾರದೆ ಊರು ಬಿಟ್ಟಿದ್ದಾರೆ. ಇನ್ನೊಬ್ಬ ಹುಡುಗ ಜ್ವರದಲ್ಲೇ ಕೂತು ಪರೀಕ್ಷೆ ಬರೆದಿದ್ದಾನೆ. ಈ ಸಲ ಎಂಟು ಮಂದಿ: ಶೇ. 40. ಮೂರು ಮಕ್ಕಳ ಏರುಪೇರಿಗೆ ಹದಿನೈದು ಅಂಶಗಳ ಕುಸಿತ. ಪಾಠ ಹೇಳುವುದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದಿದ್ದರೂ ಶಾಲೆ ಹಿಂದೆ ಬಿತ್ತು ಎಂಬ ಮಾತು ಹುಟ್ಟಿಕೊಳ್ಳುತ್ತದೆ.

ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲೇ ಇದನ್ನು ಅಂಕಿಅಂಶ ಸಮೇತ ತೋರಿಸಿದ್ದರು. ಸಂಖ್ಯಾಶಾಸ್ತ್ರಜ್ಞ ಹೊವಾರ್ಡ್ ವೈನರ್ ಪೆನ್ಸಿಲ್ವೇನಿಯದ ಶಾಲೆಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ, ಪಟ್ಟಿಯ ತುದಿಯಲ್ಲಿ ಸಣ್ಣ ಶಾಲೆಗಳು ತಮ್ಮ ಪಾಲಿಗಿಂತ ಹೆಚ್ಚಿದ್ದವು; ಬುಡದಲ್ಲೂ ಹಾಗೆಯೇ. ತುದಿಯನ್ನಷ್ಟೇ ಕಂಡವರು ಸಣ್ಣದೇ ಶ್ರೇಷ್ಠ ಎಂದು ನಂಬಿದರು, ಗೇಟ್ಸ್ ಪ್ರತಿಷ್ಠಾನವಂತೂ ಸಣ್ಣ ಶಾಲೆಗಳಿಗಾಗಿ ಅಪಾರ ಹಣ ಸುರಿಯಿತು. ಬುಡವನ್ನೂ ನೋಡಿದ್ದರೆ ಆ ಹಣ ಬೇರೆ ದಾರಿ ಹಿಡಿಯುತ್ತಿತ್ತೇನೋ.

ಶಾಲೆಯ ಫಲಿತಾಂಶ ಹೇಳುವ ವರದಿಯ ಇನ್ನರ್ಧ ಪುಟದಲ್ಲಿ ಮಕ್ಕಳ ಹಿನ್ನೆಲೆಯ ಅಂಕಿಗಳಿರುತ್ತವೆ: ಜನಾಂಗ, ಬಡತನ, ಮನೆಮಾತು. ಕಾಲಂಗಳು ಅಚ್ಚುಕಟ್ಟಾಗಿವೆ, ಒಳಗಿರುವ ಬದುಕು ಅಷ್ಟು ಅಚ್ಚುಕಟ್ಟಲ್ಲ. ‘ಏಷ್ಯನ್’ ಎಂಬ ಕಾಲಂ ನಮಗೆ ತೀರ ಹತ್ತಿರದ್ದು. ಫ್ರೀಮಾಂಟ್ ಊರಿನ ಕನ್ನಡದ ಸಾಫ್ಟ್‌ವೇರ್ ದಂಪತಿಯ ಮಗಳು, ಲಾವೋಸ್ ಯುದ್ಧದಿಂದ ತಪ್ಪಿಸಿಕೊಂಡು ನಿರಾಶ್ರಿತರಾಗಿ ಬಂದ ಹ್ಮಾಂಗ್ ಜನಾಂಗದ ಮನೆಯ ಮೊಮ್ಮಗ, ಇಬ್ಬರೂ ಅಲ್ಲಿ ಒಂದೇ ಸಂಖ್ಯೆ. ಮೊದಲನೆಯವಳ ಅಂಕ ಎರಡನೆಯವನ ಕಷ್ಟವನ್ನು ಮುಚ್ಚಿಹಾಕುತ್ತದೆ. ಮನೆ ಹುಡುಕುವಾಗ ಪರದೆಯ ಮೇಲೆ ಹತ್ತಕ್ಕೆ ಎಂಟು, ಒಂಬತ್ತು ಎಂಬ ಶಾಲಾ ರೇಟಿಂಗ್ ನೋಡಿ ಬೀದಿ ಆರಿಸುವ ನಮ್ಮವರು, ಆ ಒಂಬತ್ತರಲ್ಲಿ ಮೇಷ್ಟರ ಪಾಲೆಷ್ಟು, ಅಪ್ಪ ಅಮ್ಮಂದಿರ ಪದವಿಯ ಪಾಲೆಷ್ಟು ಎಂದು ಕೇಳಬೇಕು.

‘ಇಂಗ್ಲಿಷ್ ಕಲಿಯುತ್ತಿರುವವರು’ ಎಂಬ ಗುಂಪಿನ ಅಂಕ ಯಾವಾಗಲೂ ಕೆಳಗೇ ಇರುತ್ತದೆ. ಇಂಗ್ಲಿಷ್ ಚೆನ್ನಾಗಿ ಬಂತು ಎಂದ ಕೂಡಲೇ ಮಗು ಆ ಗುಂಪಿನಿಂದ ಹೊರಬೀಳುತ್ತದೆ. ಗುಣವಾದವರನ್ನೆಲ್ಲ ಮನೆಗೆ ಕಳಿಸಿ, ವಾರ್ಡಿನಲ್ಲಿ ರೋಗಿಗಳೇ ಇದ್ದಾರೆಂದು ವೈದ್ಯರನ್ನು ದೂರಿದ ಹಾಗಾಗುತ್ತದೆ ಇದು. ಹೊರಬಿದ್ದವರನ್ನೂ ಕೆಲವು ವರ್ಷ ಲೆಕ್ಕದಲ್ಲಿಡಲು 2015ರ ಕೇಂದ್ರ ಶಿಕ್ಷಣ ಕಾಯ್ದೆ ಅವಕಾಶ ಕೊಟ್ಟಿತು. ಅದು ಒಳ್ಳೆಯ ತಿದ್ದುಪಡಿ. ಬಡತನದ ಅಳತೆಯೂ ಮಸುಕಾಗುತ್ತಿದೆ. ರಿಯಾಯಿತಿ ಊಟಕ್ಕೆ ಅರ್ಜಿ ಹಾಕಿ ಅರ್ಹರೆನಿಸಿದವರೆಷ್ಟು ಎಂಬುದು ಹಿಂದೆ ಮುಖ್ಯ ಅಳತೆಗೋಲಾಗಿತ್ತು. 2022ರಿಂದ ಕ್ಯಾಲಿಫೋರ್ನಿಯದಲ್ಲಿ ಎಲ್ಲ ಮಕ್ಕಳಿಗೂ ಊಟ ಉಚಿತ. ಅಂಕಿ ಹಾಳಾದರೂ ಚಿಂತೆಯಿಲ್ಲ, ಮಗುವಿನ ಹೊಟ್ಟೆ ತುಂಬಲಿ.

ನನ್ನ ಮುಖ್ಯ ತಕರಾರು ಬೇರೆಯೇ ಇದೆ. ಈ ವರದಿಗಳು ಮಕ್ಕಳ ಹಿನ್ನೆಲೆಯನ್ನು ಮಳೆ ಬಿಸಿಲಿನಂತೆ, ಶಾಲೆಯ ಕೈಮೀರಿದ್ದೆಂಬಂತೆ ಬರೆಯುತ್ತವೆ. ಅರ್ಜಿ ಹೆಚ್ಚಾದರೆ ಚಾರ್ಟರ್ ಶಾಲೆ ಲಾಟರಿ ಎತ್ತಬೇಕು, ನಿಜ. ಲಾಟರಿಯ ಡಬ್ಬಿಗೆ ಯಾರ ಚೀಟಿ ಬೀಳುತ್ತದೆ ಎಂಬುದು ಮಾತ್ರ ಅದಕ್ಕೂ ಮುಂಚೆಯೇ ತೀರ್ಮಾನವಾಗಿರುತ್ತದೆ. ಹಳದಿ ಬಸ್ಸಿಲ್ಲದ ಶಾಲೆಗೆ, ಬೆಳಿಗ್ಗೆ ಎಂಟಕ್ಕೆ ಕಾರಿನಲ್ಲಿ ಬಿಡಬಲ್ಲವರ ಮಕ್ಕಳು ಬರುತ್ತಾರೆ. ಅರ್ಜಿ ಇಂಗ್ಲಿಷಿನಲ್ಲಷ್ಟೇ ಇದ್ದರೆ ಸ್ಪ್ಯಾನಿಷ್ ಮನೆಮಾತಿನ ತಾಯಿ ಬಾಗಿಲಲ್ಲೇ ನಿಲ್ಲುತ್ತಾಳೆ. ಪಾಲಕರು ಇಂತಿಷ್ಟು ಗಂಟೆ ಶಾಲೆಯಲ್ಲಿ ದುಡಿಯಲೇಬೇಕು ಎಂದು ಕೆಲವು ಶಾಲೆಗಳು ಕಟ್ಟಳೆ ಮಾಡಿದ್ದವು. ಅದು ಸಲ್ಲದು ಎಂದು ರಾಜ್ಯ ಶಿಕ್ಷಣ ಇಲಾಖೆ 2015ರಲ್ಲಿ ಹೇಳಬೇಕಾಯಿತು. ಎರಡು ಪಾಳಿ ದುಡಿಯುವ ತಾಯಿ ಆ ಗಂಟೆಗಳನ್ನು ಎಲ್ಲಿಂದ ತಂದಾಳು?

ಚಾರ್ಟರ್ ಶಾಲೆಗಳು ಕಲಿಸುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಲಾಟರಿಯಲ್ಲಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿದ ಬಾಸ್ಟನ್ ಅಧ್ಯಯನಗಳು ದೊಡ್ಡ ಲಾಭವನ್ನೇ ಕಂಡವು. ಅರ್ಜಿ ಹಾಕುವ ಉತ್ಸಾಹ ಎರಡೂ ಕಡೆ ಒಂದೇ ಆದ್ದರಿಂದ ಆ ಹೋಲಿಕೆಯನ್ನು ನಾನು ನಂಬುತ್ತೇನೆ. ಅದೇ ಮಗು ಕಳೆದ ವರ್ಷದಿಂದ ಈ ವರ್ಷಕ್ಕೆ ಎಷ್ಟು ಮುಂದೆ ಬಂತು ಎಂಬ ಬೆಳವಣಿಗೆಯ ಲೆಕ್ಕವನ್ನೂ ನಂಬುತ್ತೇನೆ, ಹಲವು ವರ್ಷಗಳದ್ದನ್ನು ಕೂಡಿಸಿ ನೋಡಿದರೆ. ಬೇರೆ ರಾಜ್ಯಗಳು ಎಂದೋ ಹಿಡಿದ ಈ ಲೆಕ್ಕವನ್ನು ಕ್ಯಾಲಿಫೋರ್ನಿಯ ಬಹಳ ತಡವಾಗಿ ಹಿಡಿಯಿತು.

ವರದಿಯಲ್ಲಿ ಇನ್ನೂ ಒಂದು ಸಾಲು ಬೇಕು. ಒಂದನೇ ಕ್ಲಾಸಿನಲ್ಲಿ ಕೂತ ಇಪ್ಪತ್ತು ಮಕ್ಕಳಲ್ಲಿ ಐದನೇ ಕ್ಲಾಸಿಗೆ ಉಳಿದವರೆಷ್ಟು, ಬಿಟ್ಟುಹೋದವರು ಯಾರು, ಆ ಖಾಲಿ ಬೆಂಚಿಗೆ ಹೊಸ ಮಗುವನ್ನು ತಂದು ಕೂರಿಸಿದರೇ ಅಥವಾ ಬೆಂಚನ್ನು ಹಾಗೇ ಬಿಟ್ಟರೇ ಎಂಬ ಸಾಲು. ಅದನ್ನು ಬರೆಯಲು ಹೊಸ ಪರೀಕ್ಷೆ ಬೇಕಿಲ್ಲ, ಹಾಜರಿ ಪುಸ್ತಕವೇ ಸಾಕು.