ಇನ್ನೊಬ್ಬರ ಕೈಗೆ ಕೊಟ್ಟು ನೋಡಿ

2015ರಲ್ಲಿ ಲೆಗೊ ಕಂಪನಿ ‘ವಾಲ್-ಇ’ ಸಿನಿಮಾದ ಕಸ ಒಟ್ಟುವ ರೋಬೋವನ್ನು ಬ್ಲಾಕ್‌ಗಳ ಸೆಟ್ಟಾಗಿ ಹೊರತಂದಿತು. ಅದರ ಮೂಲ ವಿನ್ಯಾಸ ಏಂಗಸ್ ಮ್ಯಾಕ್‌ಲೇನ್ ಅವರದು. ಆ ಸಿನಿಮಾಕ್ಕೇ ಅನಿಮೇಟರ್ ಆಗಿ ದುಡಿದ ಅವರು ತಮ್ಮ ಖುಷಿಗೆ ಕಟ್ಟಿ, ಅಭಿಮಾನಿಗಳ ಮತಕ್ಕೆ ಇಟ್ಟಿದ್ದರು. ಪಾತ್ರದ ನಡೆನುಡಿಯನ್ನು ಅವರಷ್ಟು ಬಲ್ಲವರು ಅಪರೂಪ. ಆದರೂ ಮೊದಲ ಪೆಟ್ಟಿಗೆಗಳು ಮನೆ ಸೇರುತ್ತಿದ್ದಂತೆ ದೂರು ಎದ್ದಿತು: ತಲೆ ನೆಟ್ಟಗೆ ನಿಲ್ಲುತ್ತಿಲ್ಲ, ಜೋಲುತ್ತಿದೆ. ಕತ್ತಿನ ಕೀಲಿಗೆ ತಲೆಯ ಭಾರ ಹೊರುವಷ್ಟು ಬಿಗಿ ಇರಲಿಲ್ಲ. ಕೊಂಡವರೇ ಕತ್ತನ್ನು ಬಿಚ್ಚಿ, ಬೇರೆ ಬಿಡಿಭಾಗ ಹಾಕಿ, ಕಂಡುಕೊಂಡ ಪರಿಹಾರವನ್ನು ಒಬ್ಬರಿಗೊಬ್ಬರು ತೋರಿಸಿದರು. ಕೊನೆಗೆ ಕಂಪನಿಯೂ ಕತ್ತನ್ನು ತಿದ್ದಿ ಹೊಸ ಪೆಟ್ಟಿಗೆಗಳನ್ನು ಕಳಿಸಿತು.

ವೈಜ್ಞಾನಿಕ ಕಥೆಗಳ ನೌಕೆ, ರೋವರ್, ಕಾರುಗಳನ್ನು ಬ್ಲಾಕ್‌ಗಳಲ್ಲಿ ಸ್ವಂತವಾಗಿ ವಿನ್ಯಾಸ ಮಾಡಿ ಹಂಚಿಕೊಳ್ಳುವ ಹವ್ಯಾಸ ಇಂದು ಜಗತ್ತಿನ ತುಂಬ ಹಬ್ಬಿದೆ. ಬಳಗದವರ ಮಾತಿನಲ್ಲಿ ಇಂಥ ಕೃತಿಗೆ ‘ಮಾಕ್’ ಎಂದು ಹೆಸರು, ‘ಮೈ ಓನ್ ಕ್ರಿಯೇಶನ್’ ಎಂಬುದರ ಹ್ರಸ್ವರೂಪ. ಇವುಗಳ ಬೆಲೆ ಕಟ್ಟುವುದು ಸಾಮಾನ್ಯವಾಗಿ ಫೋಟೊ ನೋಡಿಯೇ. ಬಣ್ಣ ಚೆನ್ನಾಗಿದೆ, ಆಕಾರ ಥೇಟ್ ಸಿನಿಮಾದಂತೇ ಇದೆ ಎಂದು ಬೆನ್ನು ತಟ್ಟಿದರೆ ಮುಗಿಯಿತು. ನನ್ನ ತಕರಾರು ಇಷ್ಟೆ: ಹಂಚಿಕೊಂಡ ವಿನ್ಯಾಸವನ್ನು ಮಾಡಿದವರಲ್ಲದ ಇನ್ನೊಬ್ಬರು ಕಟ್ಟಿ, ಮೇಜಿನಿಂದ ಎತ್ತಿ, ಆಚೀಚೆ ಆಡಿಸಿ ನೋಡುವ ತನಕ ಅದರ ವಿಮರ್ಶೆ ಶುರುವೇ ಆಗಿರುವುದಿಲ್ಲ.

ಇಂಥ ಪರೀಕ್ಷೆ ಏಕೆ ಬೇಕೆಂದು ತಿಳಿಯಲು ಮೊದಲು ಬ್ಲಾಕಿನ ಅಳತೆ ನೋಡಬೇಕು. ಡೆನ್ಮಾರ್ಕಿನ ಬಿಲುಂಡ್ ಊರಿನ ಗಾಡ್‌ಫ್ರೆಡ್ ಕಿರ್ಕ್ ಕ್ರಿಶ್ಚಿಯನ್‌ಸನ್ 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹಾಕಿದ ಬ್ಲಾಕಿನ ಲೆಕ್ಕವೇ ಇಂದಿಗೂ ನಡೆಯುತ್ತಿದೆ. ಬ್ಲಾಕಿನ ನೆತ್ತಿಯ ಮೇಲಿನ ದುಂಡನೆಯ ಉಬ್ಬೇ ಗುಬಟು; ಒಂದು ಗುಬಟಿನ ನಡುವಿನಿಂದ ಪಕ್ಕದ ಗುಬಟಿನ ನಡುವಿಗೆ 8 ಮಿ.ಮೀ. ಬ್ಲಾಕಿನ ಎತ್ತರ 9.6 ಮಿ.ಮೀ.; ತೆಳ್ಳನೆಯ ಪ್ಲೇಟಿನದು ಅದರ ಮೂರನೇ ಒಂದು ಪಾಲು, 3.2 ಮಿ.ಮೀ. ಐದು ಪ್ಲೇಟುಗಳನ್ನು ಒಂದರ ಮೇಲೊಂದು ಕೂರಿಸಿದರೆ 16 ಮಿ.ಮೀ. ಆಗುತ್ತದೆ, ಅಂದರೆ ಸರಿಯಾಗಿ ಎರಡು ಗುಬಟಿನ ಅಗಲ. ಬ್ಲಾಕನ್ನು ಮಗ್ಗುಲಿಗೆ ಮಲಗಿಸಿ, ಗುಬಟು ಮೇಲಕ್ಕೆ ಬಾರದಂತೆ ಕಟ್ಟುವ ‘ಸ್ನಾಟ್’ ವಿಧಾನ ನಿಂತಿರುವುದೇ ಈ ಲೆಕ್ಕದ ಮೇಲೆ. ನೌಕೆಯ ನುಣುಪು ಮೈ, ಚೂಪು ಮೂತಿ, ರೆಕ್ಕೆಯಂಚಿನ ತೆಳು ಪಟ್ಟಿ ಎಲ್ಲವೂ ಬರುವುದು ಇದರಿಂದ. ಪಕ್ಕದ ಮುಖದಲ್ಲಿ ಗುಬಟು ಇರುವ ‘ಹೆಡ್‌ಲೈಟ್’ ಎಂಬ ಪುಟ್ಟ ಬ್ಲಾಕೊಂದಿದೆ. ಅದರ ಆ ಮುಖ 1.6 ಮಿ.ಮೀ., ಅಂದರೆ ಅರ್ಧ ಪ್ಲೇಟಿನಷ್ಟು ಒಳಸರಿದಿರುತ್ತದೆ. ಆ ಅರ್ಧ ಪ್ಲೇಟನ್ನು ಎಲ್ಲಿ ಬಳಸಿದ್ದಾರೆ ಎಂದು ನೋಡಿದರೆ ಕಟ್ಟಿದವರ ಅನುಭವ ಎಷ್ಟೆಂದು ಹೇಳಬಹುದು.

ಆದರೆ ಲೆಕ್ಕಕ್ಕೆ ಸರಿಬಂದದ್ದೆಲ್ಲ ಕೈಗೆ ಸರಿಬರುವುದಿಲ್ಲ. ಗುಬಟಿನ ವ್ಯಾಸ 4.8 ಮಿ.ಮೀ. ಹಾಗಾಗಿ ಎರಡು ಗುಬಟುಗಳ ನಡುವಿನ ಸಂದು 3.2 ಮಿ.ಮೀ., ಪ್ಲೇಟಿನ ದಪ್ಪವೂ ಅಷ್ಟೇ. ಪ್ಲೇಟನ್ನು ನೆಟ್ಟಗೆ ಆ ಸಂದಿಗೆ ಸಿಕ್ಕಿಸಬಹುದಲ್ಲ ಎಂಬ ಆಸೆ ಯಾರಿಗಾದರೂ ಬಂದೀತು. ಸಿಕ್ಕಿಸಿದರೆ ಹೋಗಿಯೂ ಹೋಗುತ್ತದೆ. ಆದರೆ ಪ್ಲಾಸ್ಟಿಕ್ಕಿನ ಮೇಲೆ ಸದಾ ಒತ್ತಡ ಉಳಿಯುವುದರಿಂದ ಕಂಪನಿಯ ವಿನ್ಯಾಸಕಾರರಿಗೆ ಅದು ನಿಷಿದ್ಧ. ಕಂಪನಿಯ ವಿನ್ಯಾಸಕಾರ ಜೇಮಿ ಬೆರಾರ್ಡ್ 2006ರಲ್ಲಿ ಹವ್ಯಾಸಿಗಳ ಮುಂದೆ ಇಂಥ ‘ಅಕ್ರಮ’ ಜೋಡಣೆಗಳ ಕುರಿತು ಒಂದು ಪ್ರಾತ್ಯಕ್ಷಿಕೆಯನ್ನೇ ಕೊಟ್ಟರು. ಹವ್ಯಾಸಿಗಳು ಈ ಕಟ್ಟಳೆಗಳಿಗೆ ಒಳಪಡಬೇಕಿಲ್ಲ, ನಿಜ. ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳುವ ನೌಕೆಗೆ ಅಂಟು ಹಾಕಿದರೂ ಕೇಳುವವರಿಲ್ಲ. ಹಂಚಲು ಹೊರಟಾಗ ಮಾತ್ರ ಬೇರೆಯವರ ಪ್ಲಾಸ್ಟಿಕ್ಕು, ಬೇರೆಯವರ ದುಡ್ಡು ನಡುವೆ ಬರುತ್ತದೆ.

ಇನ್ನು ಅಂದಚಂದದ ಮಾತು. ಸಿನಿಮಾ ನೌಕೆಗಳ ನಕಲು ಈ ಹವ್ಯಾಸದ ದೊಡ್ಡ ಪಾಲು. ಅದರಲ್ಲೊಂದು ಸೊಗಸಾದ ತಿರುವಿದೆ. 1977ರ ‘ಸ್ಟಾರ್ ವಾರ್ಸ್’ಗೆ ನೌಕೆಗಳನ್ನು ಮಾಡಿದ ಮಾಡೆಲ್ ಕುಶಲಕರ್ಮಿಗಳು ಅಂಗಡಿಯಲ್ಲಿ ಸಿಗುವ ಟ್ಯಾಂಕು, ಯುದ್ಧನೌಕೆ, ರೇಸು ಕಾರುಗಳ ಪ್ಲಾಸ್ಟಿಕ್ ಕಿಟ್ಟುಗಳನ್ನು ಒಡೆದು, ಆ ಚೂರುಗಳನ್ನೇ ನೌಕೆಯ ಮೈಗೆ ಅಂಟಿಸಿದ್ದರು. ಪರದೆಯ ಮೇಲೆ ಅವು ಕೊಳವೆ, ಯಂತ್ರ, ಕವಚಗಳಾಗಿ ಕಂಡವು. ಆ ವಿವರಗಳಿಗೆ ‘ಗ್ರೀಬಲ್’ ಎಂಬ ಹೆಸರು ನಿಂತಿತು. ಅಂಗಡಿಯ ಬಿಡಿಭಾಗಗಳಿಂದ ಹುಟ್ಟಿದ ನೌಕೆಯನ್ನು ಮತ್ತೆ ಅಂಗಡಿಯ ಬಿಡಿಭಾಗಗಳಿಂದಲೇ ಕಟ್ಟುವುದು ಹಾಗಾಗಿ ಬರೀ ನಕಲಲ್ಲ, ಮೂಲದ ಕೆಲಸದ ರೀತಿಯನ್ನೇ ಮುಂದುವರಿಸಿದಂತೆ. 2007ರಲ್ಲಿ 5,197 ತುಣುಕುಗಳಿದ್ದ ಆ ಸಿನಿಮಾದ ಮಿಲೇನಿಯಂ ಫಾಲ್ಕನ್ ನೌಕೆಯ ಲೆಗೊ ಸೆಟ್ಟು 2017ರಲ್ಲಿ 7,541 ತುಣುಕುಗಳಿಗೆ ಬೆಳೆದದ್ದರಲ್ಲಿ ಈ ಗ್ರೀಬಲ್ ಮೋಹದ ಪಾಲು ದೊಡ್ಡದು. ಹವ್ಯಾಸಿಗಳು ಅದನ್ನೂ ಮೀರಿಸಲು ಹೊರಟಿದ್ದಾರೆ.

ಇಲ್ಲಿಯೇ ಎಡವುವುದೂ ಹೌದು. ಫಾಲ್ಕನ್‌ನಲ್ಲಿ ಗ್ರೀಬಲ್ ಒಂದೆಡೆ ಒತ್ತೊತ್ತಾಗಿ ಕೂತು ಇನ್ನೊಂದೆಡೆ ಬಯಲು ಬಿಟ್ಟಿರುವುದರಿಂದಲೇ ಕಣ್ಣಿಗೆ ಯಂತ್ರವೆನಿಸುತ್ತದೆ. ಮೈಯ ಇಂಚಿಂಚಿಗೂ ನಲ್ಲಿ, ಕೊಡಲಿ, ಸ್ಕೇಟು, ಬಂದೂಕುಗಳ ಪುಟ್ಟ ತುಣುಕುಗಳನ್ನು ಚುಚ್ಚಿದ ನೌಕೆಯಲ್ಲಿ ಕಣ್ಣು ನಿಲ್ಲುವ ಜಾಗವೇ ಇರುವುದಿಲ್ಲ. ಅತಿಯಾದ ಒಗ್ಗರಣೆಯಲ್ಲಿ ಸಾರಿನ ರುಚಿ ಕಳೆದುಹೋದ ಹಾಗೆ. ಅಂಥ ಮಾದರಿ ಕೈಗೆತ್ತಿಕೊಂಡರೆ ಹಿಡಿದಲ್ಲೆಲ್ಲ ಏನಾದರೊಂದು ಕಳಚಿ ಬೀಳುತ್ತದೆ.

ನನಗೆ ಹೆಚ್ಚು ಹಿಡಿಸುವುದು ಸಿನಿಮಾದ ಹಂಗಿಲ್ಲದ ನೌಕೆಗಳು. ಅವುಗಳ ಮೂಲ 1978ರಲ್ಲಿ ಲೆಗೊ ಶುರುಮಾಡಿದ ಬಾಹ್ಯಾಕಾಶ ಸರಣಿ. ಕೈಕಾಲು ಆಡಿಸುವ ಪುಟ್ಟ ಮನುಷ್ಯಾಕೃತಿಯನ್ನೂ ಈ ಸರಣಿಯನ್ನೂ ರೂಪಿಸಿದವರು ಯೆನ್ಸ್ ನೂಗೋರ್ ಕ್ನುಡ್ಸೆನ್. ನೀಲಿ ಮತ್ತು ಬೂದು ಮೈ, ಹಳದಿ ಗಾಜಿನ ಕಿಟಕಿ, ಆಯುಧವಿಲ್ಲದ ಗಗನಯಾತ್ರಿಗಳು. 1979ರ ‘ಗ್ಯಾಲಕ್ಸಿ ಎಕ್ಸ್‌ಪ್ಲೋರರ್’ ಈ ಸರಣಿಯ ಕಿರೀಟ. 2022ರಲ್ಲಿ ಮೈಕ್ ಸಯಾಕಿ ಅದನ್ನು ಒಂದೂವರೆ ಪಟ್ಟು ಹಿಗ್ಗಿಸಿ 1,254 ತುಣುಕುಗಳಲ್ಲಿ ಮತ್ತೆ ಕಟ್ಟಿದರು. ಹಳೆಯದರಲ್ಲಿ ಮೆಟ್ಟಿಲು ಮೆಟ್ಟಿಲಾಗಿದ್ದ ಅಂಚು ಹೊಸದರಲ್ಲಿ ನುಣುಪಾದರೂ ದೂರದಿಂದ ನೋಡಿದರೆ ಅದೇ ನೌಕೆ. ನಲವತ್ತು ವರ್ಷಗಳಲ್ಲಿ ಬಂದ ಹೊಸ ಬಿಡಿಭಾಗಗಳೆಲ್ಲ ಕೈಯಳತೆಯಲ್ಲಿದ್ದೂ ಗ್ರೀಬಲ್ ತುಂಬದೆ ಬಿಟ್ಟ ಸಂಯಮವೇ ಅದರ ಹೆಚ್ಚುಗಾರಿಕೆ. ಎರಡು ಕೈಯಲ್ಲಿ ಎತ್ತಿ ಮನೆಯೆಲ್ಲ ಹಾರಿಸಿದರೂ ಅಲುಗದ ಗಟ್ಟಿತನವೂ ಅದಕ್ಕಿದೆ.

ಈ ಪರಂಪರೆಯಿಂದ ಹವ್ಯಾಸಿಗಳು ತಾವೇ ಕಟ್ಟಿಕೊಂಡ ಕಟ್ಟುಪಾಡುಗಳಿವೆ. ನವೆಂಬರ್ ತಿಂಗಳಲ್ಲಿ ‘ಗ್ರೇಡಿಯಸ್’ ವಿಡಿಯೊ ಗೇಮಿನ ‘ವಿಕ್ ವೈಪರ್’ ಮಾದರಿಯ ನೌಕೆ ಕಟ್ಟುವುದು ಒಂದು ರೂಢಿ. ಮುಂದೆ ಎರಡು ಕೊಂಬು, ಪಕ್ಕಕ್ಕೆ ರೆಕ್ಕೆ, ಹಿಂದೆ ನೆಟ್ಟನೆಯ ಬಾಲ ಇರಲೇಬೇಕು. ಉಳಿದದ್ದೆಲ್ಲ ಕಟ್ಟುವವರ ಇಷ್ಟ. 2010ರಲ್ಲಿ ತೀರಿಕೊಂಡ, ಬಳಗಕ್ಕೆಲ್ಲ ಬೇಕಾಗಿದ್ದ ಒಬ್ಬ ಹವ್ಯಾಸಿಯ ನೆನಪಿಗೂ ಈ ರೂಢಿ ಮುಡಿಪಾಗಿದೆ. ಷಟ್ಪದಿಗೆ ಮಾತ್ರೆಯ ಕಟ್ಟು ಹೇಗೋ ಹಾಗೆ ಇಲ್ಲಿ ಆ ಮೂರು ಲಕ್ಷಣ ಇಡೀ ರಚನೆಯನ್ನು ಹಿಡಿದಿಡುತ್ತವೆ. ಯಾರು ಏನು ಹೊಸದು ಮಾಡಿದರೆಂಬುದು ಎದ್ದು ಕಾಣುತ್ತದೆ. ಸೆಪ್ಟೆಂಬರಿನ ರೂಢಿ ಇದಕ್ಕೆ ವಿರುದ್ಧ: ಒಂದೇ ತಿಂಗಳಲ್ಲಿ ಕನಿಷ್ಠ 100 ಗುಬಟು, ಅಂದರೆ 80 ಸೆಂ.ಮೀ. ಉದ್ದದ ನೌಕೆ ಕಟ್ಟಬೇಕು. ಇಲ್ಲಿನ ಹುಮ್ಮಸ್ಸು ಮೆಚ್ಚುವಂಥದ್ದೇ. ಆದರೆ ಉದ್ದವೇ ಗುರಿಯಾದಾಗ ಎಷ್ಟೋ ನೌಕೆಗಳು ಒಂದೇ ತುಂಡನ್ನು ಹತ್ತು ಸಲ ಜೋಡಿಸಿದಂತೆ ಕಾಣುತ್ತವೆ, ಒಳಗಿನ ಬೆನ್ನೆಲುಬು ದುರ್ಬಲವಾಗಿ ನಡುವೆ ಬಾಗುತ್ತವೆ. ಸ್ಟ್ಯಾಂಡಿನ ಮೇಲಿಟ್ಟು ತೆಗೆದ ಫೋಟೊದಲ್ಲಿ ಅದು ಕಾಣುವುದಿಲ್ಲ.

ಹಂಚಿಕೆ ಚೆನ್ನಾಗಿ ಫಲಿಸಿದ್ದಕ್ಕೆ ನಾನು ಕೊಡುವ ಉದಾಹರಣೆ 2014ರ ‘ಎಕ್ಸೊ ಸೂಟ್’. ಇಂಗ್ಲೆಂಡಿನ ಪೀಟರ್ ರೀಡ್ ಕಟ್ಟಿದ ಮೂಲ ಮಾದರಿ ಒಂದು ಯಂತ್ರಕವಚ. ಪುಟ್ಟ ಗಗನಯಾತ್ರಿ ಅದರೊಳಗೆ ಕೂತರೆ ಅದು ನಡೆಯುವ ವಾಹನ. ಬಳಕೆಯ ಕುರುಹಾದ ಬೂದು ಬಣ್ಣ, ಚಕ್ಕೆ ಚಕ್ಕೆಯಾದ ತೋಳು, ಗೂನು ಬೆನ್ನು ನೋಡಿದರೆ ದಿನಾ ಮೈಮುರಿದು ದುಡಿಯುವ ಯಂತ್ರವೆಂದು ನಂಬಿಕೆ ಬರುತ್ತದೆ. ಆದರೆ ಅದರ ಎಷ್ಟೋ ಜೋಡಣೆಗಳು ಪೆಟ್ಟಿಗೆಯಲ್ಲಿ ಮಾರಲಾಗದಷ್ಟು ನಾಜೂಕು. ಕಂಪನಿಯ ಮಾರ್ಕ್ ಸ್ಟಾಫರ್ಡ್ ಅದನ್ನು ಬಿಚ್ಚಿ, ಕೀಲುಗಳನ್ನು ಗಟ್ಟಿಮಾಡಿ, 321 ತುಣುಕುಗಳ ಸೆಟ್ಟಾಗಿ ಮರಳಿ ಕಟ್ಟಿದರು. ಗೂನು ಹಾಗೇ ಉಳಿಯಿತು, ತೋಳು ಮಾತ್ರ ಬೀಳುವುದು ನಿಂತಿತು. ಒಬ್ಬರ ಕಲ್ಪನೆಗೆ ಇನ್ನೊಬ್ಬರ ಕೈ ಸೇರಿ ಕೃತಿ ಮಾಗಿದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸೆಟ್ಟು ಬೇರೊಂದಿಲ್ಲ.

ಇದೇ ದಾರಿಯಲ್ಲಿ ಬಂದ ‘ಬ್ಯಾಕ್ ಟು ದ ಫ್ಯೂಚರ್’ ಸಿನಿಮಾದ ಡೆಲೋರಿಯನ್ ಕಾರು ಅಷ್ಟು ಅದೃಷ್ಟ ಮಾಡಿರಲಿಲ್ಲ. 2013ರ ಆ ಸೆಟ್ಟಿನಲ್ಲಿ ಬಾನೆಟ್ ಇಳಿಜಾರಾಗುವ ಬದಲು ಮೆಟ್ಟಿಲಾಗಿ ನಿಂತಿತು; ಕಾರಿನ ಗುರುತೇ ಆದ ಆ ಬೆಣೆಯಾಕಾರ ಕೆಟ್ಟಿತು. ಇಲ್ಲಿ ಎರಡನೇ ಕೈ ರೂಪವನ್ನೇ ಬಲಿಗೊಟ್ಟಿತ್ತು. ಅಭಿಮಾನಿಗಳು ಸುಮ್ಮನಿರಲಿಲ್ಲ. ಬಾನೆಟ್ಟನ್ನು ಬಗೆಬಗೆಯಾಗಿ ಮರುವಿನ್ಯಾಸ ಮಾಡಿ, ಬೇಕಾದ ಬಿಡಿಭಾಗಗಳ ಪಟ್ಟಿಯೊಂದಿಗೆ ಹಂಚಿದರು. ಕಂಪನಿ 2022ರಲ್ಲಿ 1,872 ತುಣುಕುಗಳ ದೊಡ್ಡ ಡೆಲೋರಿಯನ್ ತಂದಾಗ ಬಾನೆಟ್ ತಕ್ಕ ಇಳಿಜಾರು ಪಡೆದಿತ್ತು. ಆದರೆ ಪುಟ್ಟ ಕಾರಿನ ಸಮಸ್ಯೆಯನ್ನು ಪುಟ್ಟ ಅಳತೆಯಲ್ಲೇ ಬಿಡಿಸಿದ ಹೆಗ್ಗಳಿಕೆ ಹವ್ಯಾಸಿಗಳದ್ದೇ.

ಈಗ ಕಂಪ್ಯೂಟರಿನ ವಿಷಯ. ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ 1995ರಲ್ಲಿ ‘ಎಲ್‌ಡ್ರಾ’ ಎಂಬ ತಂತ್ರಾಂಶ ರೂಪಿಸಿ, ಬ್ಲಾಕುಗಳನ್ನು ಪರದೆಯ ಮೇಲೆ ಜೋಡಿಸುವ ದಾರಿ ತೋರಿದರು. 1997ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರೂ ಅವರ ಕಡತಸ್ವರೂಪವನ್ನು ಬಳಗದವರು ಬೆಳೆಸಿಕೊಂಡು ಬಂದಿದ್ದಾರೆ. ಇಂದು ‘ಸ್ಟುಡಿಯೊ’ದಂಥ ತಂತ್ರಾಂಶದಲ್ಲಿ ಯಾರು ಬೇಕಾದರೂ ನೌಕೆ ಕಟ್ಟಬಹುದು, ಹಂತಹಂತದ ಕೈಪಿಡಿ ಮಾಡಬಹುದು. ತೊಡಕೆಂದರೆ ಪರದೆಯ ಮೇಲೆ ತೂಕವಿಲ್ಲ. ಒಂದೇ ಗುಬಟಿಗೆ ನೇತುಬಿದ್ದ ರೆಕ್ಕೆ ಅಲ್ಲಿ ಅಲುಗುವುದಿಲ್ಲ. ಲೆಗೊ ಎಂದೂ ಅಚ್ಚುಹಾಕದ ಬಣ್ಣದ ಬಿಡಿಭಾಗ ಅಲ್ಲಿ ಒಂದು ಕ್ಲಿಕ್ಕಿಗೆ ಸಿಗುತ್ತದೆ. ಬೆರಳು ತೂರದ ಸಂದಿನೊಳಗೆ ಕೊನೆಯ ಪ್ಲೇಟನ್ನು ಕೂರಿಸಿ ಎಂದು ಕೈಪಿಡಿ ಸಲೀಸಾಗಿ ಹೇಳಿಬಿಡುತ್ತದೆ. ಅಂಥ ಕೈಪಿಡಿ ನಂಬಿ ಕೂತವರಿಗೆ ಗೊತ್ತು ಅದರ ಪಾಡು.

ಹಾಗೆಂದು ಡಿಜಿಟಲ್ ವಿನ್ಯಾಸವೆಲ್ಲ ಪೊಳ್ಳು ಎಂದು ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಕೂತು ಬೂದು ಬಣ್ಣದ ಬೆಣೆ ಪ್ಲೇಟುಗಳನ್ನು ವಿದೇಶದಿಂದ ತರಿಸುವ ಹುಡುಗಿಯ ಜೇಬು ಎಷ್ಟು ತಡೆದೀತು? ಅವಳಿಗೆ ಪರದೆಯೇ ಕಾರ್ಯಾಗಾರ. ಅವಳಿಂದ ನಾನು ಪ್ಲಾಸ್ಟಿಕ್ ಕೇಳುವುದಿಲ್ಲ. ಸಿಗುವ ಬಣ್ಣವನ್ನೇ ಬಳಸಿದ್ದಾಳೆಯೇ, ರೆಕ್ಕೆಯ ಬುಡಕ್ಕೆ ಆಧಾರ ಕೊಟ್ಟಿದ್ದಾಳೆಯೇ, ಕೈಪಿಡಿಯ ಹಂತಗಳನ್ನು ಬೆರಳಿನ ಅಳತೆಗೆ ಯೋಚಿಸಿದ್ದಾಳೆಯೇ ಎಂದು ನೋಡುತ್ತೇನೆ. ‘ಇದನ್ನಿನ್ನೂ ಯಾರೂ ಕಟ್ಟಿ ನೋಡಿಲ್ಲ’ ಎಂಬ ಒಂದು ಸಾಲನ್ನು ಮುಚ್ಚಿಡದೆ ಬರೆದರೆ ಅದೇ ದೊಡ್ಡ ಪ್ರಾಮಾಣಿಕತೆ.

ದುಡ್ಡಿನ ಲೆಕ್ಕ ಬಂದಾಗ ಈ ಪ್ರಾಮಾಣಿಕತೆ ಇನ್ನೂ ಮುಖ್ಯ. ಲೆಗೊ ‘ಐಡಿಯಾಸ್’ ವ್ಯವಸ್ಥೆಯಲ್ಲಿ 10,000 ಮತ ಬಿದ್ದ ವಿನ್ಯಾಸವನ್ನು ಕಂಪನಿ ಪರಿಶೀಲನೆಗೆ ಎತ್ತಿಕೊಳ್ಳುತ್ತದೆ. ಆಯ್ಕೆಯಾದರೆ ನಿವ್ವಳ ಮಾರಾಟದ ಶೇ 1ರಷ್ಟು ವಿನ್ಯಾಸಕಾರರಿಗೆ. ಮತ ಬೀಳುವುದು ಚಿತ್ರಕ್ಕೆ, ಅದೂ ಎಲ್ಲರಿಗೂ ಪರಿಚಿತವಾದ ಸಿನಿಮಾದ ಹೆಸರಿಗೆ. ಹೆಸರಿಲ್ಲದ ಹೊಸ ನೌಕೆ ಎಷ್ಟು ಜಾಣತನದ್ದಾದರೂ ಆ ಸಾಲಿನಲ್ಲಿ ಹಿಂದೆ ಬೀಳುತ್ತದೆ. ಎಕ್ಸೊ ಸೂಟ್ ಗೆದ್ದದ್ದು ಅಪವಾದ. ಇತ್ತ ಸ್ವಂತವಾಗಿ ಕೈಪಿಡಿ ಮಾರುವವರೂ ಬೆಳೆದಿದ್ದಾರೆ. ಅದರಲ್ಲಿ ತಪ್ಪಿಲ್ಲ, ತಿಂಗಳುಗಟ್ಟಲೆ ಮಾಡಿದ ದುಡಿಮೆಗೆ ಕೂಲಿ ಬೇಡವೇ? ಚೀನಾದ ನಕಲಿ ತಯಾರಕರು ಇಂಥ ವಿನ್ಯಾಸಗಳನ್ನು ಕೇಳದೆ ಕದ್ದು ಪೆಟ್ಟಿಗೆ ಮಾಡಿ ಮಾರಿದ್ದಾರೆ. 2019ರಲ್ಲಿ ಪೊಲೀಸರು ದಾಳಿ ಮಾಡಿದ ‘ಲೆಪಿನ್’ ಕಂಪನಿ ಲೆಗೊದ ಸೆಟ್ಟುಗಳ ಜೊತೆ ಹವ್ಯಾಸಿಗಳ ನೌಕೆಗಳನ್ನೂ ಬಿಟ್ಟಿರಲಿಲ್ಲ. ಲೆಗೊಗೆ ವಕೀಲರಿದ್ದಾರೆ. ರಾತ್ರಿ ಊಟ ಮುಗಿಸಿ ನೌಕೆ ಕಟ್ಟುವವರಿಗೆ ಇಲ್ಲ. ಆದರೆ ಬೆಲೆ ಪಡೆದ ಮೇಲೆ ಜವಾಬ್ದಾರಿಯೂ ಹೆಗಲೇರುತ್ತದೆ. ಸಾವಿರಾರು ರೂಪಾಯಿಯ ಬಿಡಿಭಾಗ ಕೂಡಿಸಿದ ಮೇಲೆ ಮೂತಿ ಕಳಚಿ ಬಿದ್ದರೆ, ಫೋಟೊ ಚೆನ್ನಾಗಿತ್ತಲ್ಲ ಎಂದರೆ ನಡೆಯದು.

ಒಟ್ಟಾರೆ ನೋಡಿದರೆ ಈ ಹವ್ಯಾಸದ ಕುಶಲತೆ ಬೆರಗು ಹುಟ್ಟಿಸುವಷ್ಟು ಎತ್ತರದಲ್ಲಿದೆ, ವಿಮರ್ಶೆ ಇನ್ನೂ ಹೊಗಳಿಕೆಯ ಮಟ್ಟದಲ್ಲೇ ಕುಂಟುತ್ತಿದೆ. ವಾಲ್-ಇ ಕತ್ತು, ಡೆಲೋರಿಯನ್ ಬಾನೆಟ್ ಎರಡೂ ಸರಿಹೋದದ್ದು ಹೊಗಳಿದವರಿಂದಲ್ಲ. ಕಟ್ಟಿ ನೋಡಿ, ಇಲ್ಲಿ ಸಡಿಲ, ಇಲ್ಲಿ ಓರೆ ಎಂದು ಬೆರಳಿಟ್ಟು ತೋರಿಸಿ, ತಿದ್ದಿದ್ದನ್ನೂ ಜೊತೆಗಿಟ್ಟವರಿಂದ. ಹಂಚುವವರು ನೌಕೆಯ ಬೆನ್ನಿನ ಜೊತೆಗೆ ಹೊಟ್ಟೆಯ ಫೋಟೊವನ್ನೂ ಹಾಕಲಿ, ಎಲ್ಲಿ ಹಿಡಿದು ಎತ್ತಬೇಕು, ಯಾವ ಜೋಡಣೆ ನಾಜೂಕು ಎಂದು ಬರೆಯಲಿ. ನೋಡುವವರು ಅದನ್ನು ಕೇಳಿಯೇ ಚಪ್ಪಾಳೆ ತಟ್ಟಲಿ.