ಅರ್ಬುತನ ಹಸಿವು

ಪ್ರಾಣಿಕಥೆ ಓದಿದ ಮಕ್ಕಳಲ್ಲಿ ನಿಸರ್ಗಪ್ರೀತಿ ಬೆಳೆಯುತ್ತದೆ ಎಂಬ ಮಾತನ್ನು ನಾವು ಹೆಚ್ಚು ಯೋಚಿಸದೆ ಒಪ್ಪಿಬಿಡುತ್ತೇವೆ. ಪ್ರೀತಿ ಬೆಳೆಯುವುದು ನಿಜ. ಯಾವ ಪ್ರಾಣಿಯ ಮೇಲೆ, ಯಾವ ಕಾರಣಕ್ಕೆ ಎಂಬುದನ್ನೂ ಕೇಳಬೇಕು. ಪಂಚತಂತ್ರದ ಕರಟಕ ದಮನಕರು ನರಿಗಳ ವೇಷದ ಮಂತ್ರಿಗಳು. ಅವರಿಂದ ರಾಜನೀತಿ ಕಲಿಯಬಹುದು, ನರಿಯ ಬದುಕು ತಿಳಿಯುವುದಿಲ್ಲ. ‘ಗೋವಿನ ಹಾಡು’ ಹಾಗಲ್ಲ. ಅದರಲ್ಲಿ ನಿಜವಾದ ಕಾಡಿದೆ, ದೊಡ್ಡಿಯಿದೆ, ಹಸಿವಿದೆ.

ಕಾಳಿಂಗನೆಂಬ ಗೊಲ್ಲ ಹಸುಗಳನ್ನು ಕರೆಯುವ ಭಾಗವನ್ನೇ ನೋಡಿ. ಒಂದೊಂದಕ್ಕೂ ಹೆಸರು, ಗಂಗೆ, ತುಂಗಭದ್ರೆಯಂಥ ಹೊಳೆಗಳ ಹೆಸರೂ ಅವುಗಳಲ್ಲಿವೆ. ಮಂದೆಯನ್ನು ಮಂದೆಯಾಗಿ ನೋಡದೆ ಇದು ಇಂಥವಳು ಎಂದು ಗುರುತಿಸುವ ಕಣ್ಣು ಅದು. ನಿಸರ್ಗದ ಕಾಳಜಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಕನ್ನಡದಲ್ಲಿ ಗೊತ್ತಿಲ್ಲ. ಗಮನಿಸಬೇಕಾದ್ದು, ಹಾಡು ಹುಲಿಗೂ ಹೆಸರು ಕೊಟ್ಟಿದೆ. ಅರ್ಬುತ ಯಾವುದೋ ಒಂದು ಹುಲಿಯಲ್ಲ. ಮಲೆಯ ನಡುವೆ ಅವನಿಗೊಂದು ಠಾವಿದೆ.

ತೊಡಕು ಇರುವುದು ಕೊನೆಯಲ್ಲಿ. ಕೊಟ್ಟ ಮಾತಿನಂತೆ ಮರಳಿ ಬಂದ ಪುಣ್ಯಕೋಟಿಯನ್ನು ಕಂಡು ಹುಲಿ ಪ್ರಾಣ ಬಿಡುತ್ತದೆ. ಸತ್ಯದ ಕಥೆಯಾಗಿ ಇದು ಅದ್ಭುತ. ಆದರೆ ಇದನ್ನೇ ಪ್ರಾಣಿದಯೆಯ ಪಾಠವಾಗಿ ಓದಿಸಿದಾಗ, ಹುಲ್ಲು ತಿಂದು ಬದುಕಲಾರದ ಜೀವಿಯೊಂದು ತನ್ನ ಹಸಿವಿಗೇ ನಾಚಿ ಸಾಯಬೇಕಾಯಿತು ಎಂಬುದನ್ನು ಯಾರೂ ಎತ್ತುವುದಿಲ್ಲ. ತಬ್ಬಲಿಯಾಗಲಿರುವ ಕರುವಿಗಾಗಿ ತರಗತಿಯೇ ಅಳುತ್ತದೆ. ಹುಲಿಗಾಗಿ ಅಳುವ ಮಗುವಿಗೆ ಮೇಷ್ಟರ ಬಳಿ ಉತ್ತರವಿರುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದನ ಹಿಡಿಯುವುದು ಇಂದಿಗೂ ಇದೆ. ದನ ಕಳೆದುಕೊಂಡವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅಲ್ಲಿನ ಅರ್ಬುತ ಪಶ್ಚಾತ್ತಾಪಪಡುವುದಿಲ್ಲ. ಹಸುವನ್ನೂ ಹುಲಿಯನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಆ ಊರಿನ ಮಗುವಿನದು. ಹುಲಿಯ ಸಾವಿನಿಂದ ಅದನ್ನು ಬಗೆಹರಿಸುವ ಕಥೆ ಅವನಿಗೆ ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತದೆ.

ವಿಚಿತ್ರವೆಂದರೆ, ಹುಲಿಗೆ ಹೆಚ್ಚು ನ್ಯಾಯ ಸಿಕ್ಕಿರುವುದು ಬೇಟೆಯ ಕಥೆಗಳಲ್ಲಿ. ಕೆನೆತ್ ಆಂಡರ್ಸನ್‌ನ ಅನುಭವಗಳನ್ನು ತೇಜಸ್ವಿ ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದರಲ್ಲ, ಅವನ್ನು ನೆನೆಯಿರಿ. ನರಭಕ್ಷಕನನ್ನು ಕೊಲ್ಲಲು ಹೊರಟವನು ಮೊದಲು ಕೇಳುವುದು, ಅದು ಹೀಗೇಕಾಯಿತು ಎಂದು. ಹಳೆಯ ಗುಂಡಿನ ಗಾಯವೋ, ಪಂಜಕ್ಕೆ ನಾಟಿದ ಮುಳ್ಳುಹಂದಿಯ ಮುಳ್ಳೋ ಕಾರಣವಾಗಿರಬಹುದು. ಕೋವಿ ಹಿಡಿದವನಿಗೆ ಹುಲಿ ದುಷ್ಟನಾಗಿ ಕಾಣುವುದಿಲ್ಲ.

ತೇಜಸ್ವಿಯವರದೇ ‘ಕರ್ವಾಲೊ’ (1980) ಇನ್ನೊಂದು ಹೆಜ್ಜೆ ಮುಂದೆ. ಅಷ್ಟೆಲ್ಲ ಅಲೆದು ಹುಡುಕಿದ ಹಾರುವ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಅದು ಯಾರಿಗೂ ನೀತಿ ಹೇಳಲಿಲ್ಲ, ಯಾರ ಗುಣಕ್ಕೂ ಸೋಲಲಿಲ್ಲ. ಆದರೆ ‘ಕರ್ವಾಲೊ’ ಹೈಸ್ಕೂಲು ದಾಟಿದವರ ಪುಸ್ತಕ. ಏಳೆಂಟು ವರ್ಷದ ಮಗುವಿಗೆ ಅಂಥ ಓತಿಯೊಂದನ್ನು ಕೊಡುವ ಕಥೆ ಬೇಕು. ಅಲ್ಲಿಯವರೆಗೆ ‘ಗೋವಿನ ಹಾಡ’ನ್ನೇ ಓದಿಸೋಣ, ಹುಲಿಗೂ ಮರಿಗಳಿದ್ದವೇ ಎಂದು ಕೇಳುವ ಮಗುವನ್ನು ಸುಮ್ಮನಿರಿಸದೆ.