ಕತ್ತರಿ ಆಡಿದ ಮೇಲೆ ಹುಟ್ಟುವ ಭಯ

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಕೋರಿಕೆ ಕೇಳಿಬರತೊಡಗಿದೆ. ‘ಗೆಳೆಯರೆಲ್ಲ ಸೇರಿ ಒಂದು ಕಿರುಚಿತ್ರ ಮಾಡಿದ್ದೇವೆ, ನೋಡಿ ಹೇಗಿದೆ ಹೇಳಿ’ ಎಂದು ಮಗನೋ ಮಗಳೋ ರಾತ್ರಿ ಊಟದ ನಂತರ ಲ್ಯಾಪ್‌ಟಾಪನ್ನು ನಿಮ್ಮ ಮುಂದೆ ತಂದಿಡುತ್ತಾರೆ. ಅದು ಬಹಳ ಸಲ ದೆವ್ವದ ಕಥೆಯೇ ಆಗಿರುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಪ್ರೇಮಕಥೆಗೆ ಒಳ್ಳೆಯ ನಟರು ಬೇಕು, ಹಾಸ್ಯಕ್ಕೆ ಒಳ್ಳೆಯ ಬರಹ ಬೇಕು. ದೆವ್ವಕ್ಕಾದರೋ ಒಂದು ಹಳೆಯ ಮನೆ, ಒಂದು ಟಾರ್ಚು, ನಿದ್ದೆಗೆಡಲು ಸಿದ್ಧರಿರುವ ನಾಲ್ವರು ಸಾಕು ಎಂಬುದು ವಿದ್ಯಾರ್ಥಿಗಳ ನಂಬಿಕೆ.

ಆಗ ನೀವೇನು ಹೇಳುತ್ತೀರಿ? ‘ಚೆನ್ನಾಗಿದೆ’ ಎಂದು ಬೆನ್ನು ತಟ್ಟುವವರಿದ್ದಾರೆ. ‘ಓದುವುದು ಬಿಟ್ಟು ಇದೇನು ದೆವ್ವ ಭೂತ’ ಎಂದು ಮುಖ ಸಿಂಡರಿಸುವವರೂ ಇದ್ದಾರೆ. ಈ ಎರಡು ಉತ್ತರಗಳಿಂದಲೂ ಆ ಮಗುವಿಗೆ ಪ್ರಯೋಜನವಿಲ್ಲ. ನಿಮ್ಮ ಮುಂದಿರುವುದು ಮುಗಿದ ಚಿತ್ರವಲ್ಲ, ಇನ್ನೂ ತಿದ್ದಬಹುದಾದ ಕರಡು. ಅದರ ಮೊದಲ ಪ್ರೇಕ್ಷಕರು ನೀವು. ಕಡಿಮೆ ಖರ್ಚಿನ ಭಯಾನಕ ಚಿತ್ರವು ಬದುಕುವುದೂ ಸಾಯುವುದೂ ಚಿತ್ರೀಕರಣದಲ್ಲಲ್ಲ, ಅದರ ನಂತರ ಸಂಕಲನದ ಮೇಜಿನ ಮೇಲೆ ನಡೆಯುವ ಈ ತಿದ್ದುಪಡಿಯಲ್ಲಿ.

ನಮ್ಮ ಹಿರಿಯ ಅಲಂಕಾರಶಾಸ್ತ್ರಜ್ಞರು ಭಯಾನಕವನ್ನೂ ಬೀಭತ್ಸವನ್ನೂ ಎರಡು ಬೇರೆ ರಸಗಳೆಂದು ಗುರುತಿಸಿದ್ದರು. ಒಂದರ ಬೇರು ಭಯ, ಇನ್ನೊಂದರ ಬೇರು ಜುಗುಪ್ಸೆ. ವಿದ್ಯಾರ್ಥಿಗಳ ಚಿತ್ರಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಈ ಎರಡರ ಗೊಂದಲವನ್ನು. ಭಯ ಹುಟ್ಟಿಸಲು ಹೊರಟವರು ಕೆಂಪು ಬಣ್ಣದ ಬಾಟಲಿಯನ್ನು ಬಗ್ಗಿಸುತ್ತಾರೆ. ನೋಡುವವರು ಹೆದರುವ ಬದಲು ಅಸಹ್ಯಪಡುತ್ತಾರೆ. ಬಣ್ಣ ತೀರ ತೆಳುವಾಗಿದ್ದರೆ ನಗುತ್ತಾರೆ. ಭಯಕ್ಕೆ ಬೇಕಾದದ್ದು ಇನ್ನೂ ಕಾಣದಿರುವ ವಸ್ತು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವುದೆನ್ನಲಾದ ಆ ದೆವ್ವದ ಮುಖವನ್ನು ಯಾರೂ ವರ್ಣಿಸಬೇಕಾಗಿರಲಿಲ್ಲ.

ಈ ಪಾಠವನ್ನು ಸಿನಿಮಾ ಬಹು ಹಿಂದೆಯೇ ಕಲಿತಿತ್ತು, ಅದೂ ಬಡತನದಿಂದ. 1942ರಲ್ಲಿ ಅಮೆರಿಕದ ಆರ್‌ಕೆಓ ಸಂಸ್ಥೆಗಾಗಿ ವಾಲ್ ಲ್ಯೂಟನ್ ಸಣ್ಣ ಬಂಡವಾಳದಲ್ಲಿ ‘ಕ್ಯಾಟ್ ಪೀಪಲ್’ ಎಂಬ ಚಿತ್ರ ನಿರ್ಮಿಸಿದರು. ನಿರ್ದೇಶಕರು ಜಾಕ್ ಟೂರ್ನರ್, ಸಂಕಲನಕಾರರು ಮಾರ್ಕ್ ರಾಬ್ಸನ್. ಅದರಲ್ಲಿ ಒಬ್ಬ ಯುವತಿ ರಾತ್ರಿ ನಿರ್ಜನ ಹಾದಿಯಲ್ಲಿ ಒಬ್ಬಂಟಿಯಾಗಿ ನಡೆಯುತ್ತಾಳೆ. ಹಿಂದೆ ಮತ್ತೊಬ್ಬಳ ಹೆಜ್ಜೆಯ ಸದ್ದು. ಸ್ವಲ್ಪ ಹೊತ್ತಿನಲ್ಲಿ ಆ ಸದ್ದು ನಿಂತುಹೋಗುತ್ತದೆ. ನಿಂತದ್ದೇ ಭಯಕ್ಕೆ ಕಾರಣ. ಮೃಗವೊಂದು ಮೇಲೆ ಬಿದ್ದಿತೆಂದು ನಾವು ಉಸಿರು ಹಿಡಿದಾಗ ಬುಸ್ಸೆನ್ನುವ ಶಬ್ದ ಕೇಳುತ್ತದೆ, ತೆರೆಯೊಳಗೆ ನುಗ್ಗಿ ಬರುವುದು ಮಾತ್ರ ಒಂದು ಬಸ್ಸು! ಮೃಗವಿಲ್ಲ, ರಕ್ತವಿಲ್ಲ. ಎರಡು ತುಣುಕುಗಳ ನಡುವಿನ ಆ ಒಂದು ಕತ್ತರಿಯಿಂದಾಗಿ ಇಂತಹ ಹುಸಿ ಬೆಚ್ಚಿಬೀಳಿಕೆಗೆ ಚಿತ್ರರಂಗದಲ್ಲಿ ‘ಬಸ್ಸು’ ಎಂಬ ಹೆಸರೇ ಉಳಿಯಿತು.

ಆದರೆ ಇವರು ಅನುಭವಸ್ಥರು. ವಿದ್ಯಾರ್ಥಿ ಜೀವನದಲ್ಲೇ ಮೊಳೆತ ಒಂದು ಚಿತ್ರವನ್ನು ನೋಡೋಣ. ಡೇನಿಯಲ್ ಮೈರಿಕ್ ಮತ್ತು ಎಡ್ವರ್ಡೊ ಸ್ಯಾಂಚೆಜ್ ಎಂಬಿಬ್ಬರು ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಕಲಿಯುತ್ತಿದ್ದಾಗ ಒಂದು ಕಲ್ಪನೆ ಹೊಳೆಯಿತು. ಅದು ‘ದ ಬ್ಲೇರ್ ವಿಚ್ ಪ್ರಾಜೆಕ್ಟ್’ ಆಗಿ 1999ರಲ್ಲಿ ತೆರೆಕಂಡಿತು. ಮಾಟಗಾತಿಯೊಬ್ಬಳ ಕುರಿತು ಸಾಕ್ಷ್ಯಚಿತ್ರ ಮಾಡಲು ಕಾಡಿಗೆ ಹೋದ ಮೂವರು ವಿದ್ಯಾರ್ಥಿಗಳು ಕಾಣೆಯಾಗುತ್ತಾರೆ, ಅವರು ಚಿತ್ರಿಸಿದ ತುಣುಕುಗಳಷ್ಟೇ ಸಿಗುತ್ತವೆ ಎಂಬುದು ಕಥೆ. 1997ರ ಅಕ್ಟೋಬರಿನಲ್ಲಿ ಎಂಟು ದಿನಗಳ ಕಾಲ ಮೇರಿಲ್ಯಾಂಡಿನ ಕಾಡಿನಲ್ಲಿ ನಟರೇ ಕ್ಯಾಮೆರಾ ಹಿಡಿದು ಚಿತ್ರೀಕರಿಸಿದರು. ಕೈಗೆ ಬಂದದ್ದು ಸುಮಾರು 20 ಗಂಟೆಗಳಷ್ಟು ಚಿತ್ರ; ಕೊನೆಗೆ ಉಳಿದದ್ದು 81 ನಿಮಿಷ. ಎಂಟು ದಿನದಲ್ಲಿ ತೆಗೆದದ್ದನ್ನು ಒಪ್ಪ ಮಾಡಲು ತಿಂಗಳುಗಟ್ಟಲೆ ಹಿಡಿಯಿತು. ಒಂದು ಶನಿವಾರ ರಾತ್ರಿ ಚಿತ್ರೀಕರಿಸಿ ಭಾನುವಾರ ಸಂಜೆಯೊಳಗೆ ‘ಎಡಿಟಿಂಗ್ ಮುಗಿಯಿತು’ ಎನ್ನುವ ನಮ್ಮ ಮಕ್ಕಳಿಗೆ ಈ ಪ್ರಮಾಣವನ್ನು ತಿಳಿಸಿಹೇಳಬೇಕು.

ಅವರು ಬಿಟ್ಟುಕೊಟ್ಟದ್ದು ಏನು ಎಂಬುದು ಇನ್ನೂ ಸ್ವಾರಸ್ಯಕರ. ಮೊದಲ ಯೋಜನೆಯ ಪ್ರಕಾರ ಕಾಡಿನ ತುಣುಕುಗಳು ಚಿತ್ರದ ಒಂದು ಭಾಗ ಮಾತ್ರ. ಅವುಗಳ ಸುತ್ತ ತಜ್ಞರ ಮಾತು, ಸುದ್ದಿ ವರದಿ, ಹಳೆಯ ದಾಖಲೆ ಮುಂತಾದವುಗಳ ಒಂದು ಚೌಕಟ್ಟು ಇರಬೇಕಿತ್ತು. ಕಾಡಿನ ತುಣುಕುಗಳನ್ನು ಜೋಡಿಸಿ ನೋಡಿದಾಗ ಆ ಚೌಕಟ್ಟೇ ಭಯವನ್ನು ತಡೆಯುತ್ತಿದೆಯೆಂದು ಅವರಿಗೆ ಅರಿವಾಯಿತು. ಚೌಕಟ್ಟನ್ನು ಚಿತ್ರದಿಂದ ಕಳಚಿ ಪ್ರತ್ಯೇಕ ಟೆಲಿವಿಷನ್ ಕಾರ್ಯಕ್ರಮಕ್ಕೆ ಬಳಸಿದರು. ವಿವರಣೆ ಕೊಡುವವರು ಪಕ್ಕದಲ್ಲಿದ್ದರೆ ಯಾರಿಗೆ ತಾನೇ ಹೆದರಿಕೆಯಾದೀತು?

ಇನ್ನೊಂದು ಪ್ರಸಂಗವಂತೂ ಎಲ್ಲ ವಿದ್ಯಾರ್ಥಿಗಳೂ ತಿಳಿದಿರಬೇಕಾದದ್ದು. ಒಂದು ರಾತ್ರಿ ನಟರು ಗುಡಾರದಿಂದ ಹೊರಬಿದ್ದು ಕತ್ತಲಲ್ಲಿ ಓಡುವಾಗ, ಪಕ್ಕದಲ್ಲಿ ಬಿಳಿಯ ಉಡುಪು ತೊಟ್ಟು ಮುಖಕ್ಕೂ ಬಿಳಿಯ ಬಟ್ಟೆ ಎಳೆದುಕೊಂಡ ತಂಡದ ಸದಸ್ಯರೊಬ್ಬರನ್ನು ನಿಲ್ಲಿಸಲಾಗಿತ್ತು. ಹೆದರ್ ಡೊನಾಹ್ಯೂ ಅದನ್ನು ಕಂಡು ಕಿರುಚಿದರು. ಕ್ಯಾಮೆರಾ ಹಿಡಿದವರು ಮಾತ್ರ ಆ ಕಡೆಗೆ ತಿರುಗಿಸಲೇ ಇಲ್ಲ! ಮಾಟಗಾತಿ ಚಿತ್ರದಲ್ಲಿ ದಾಖಲಾಗಲಿಲ್ಲ. ನಮ್ಮ ಯುವಕರಾಗಿದ್ದರೆ ಮರುದಿನ ಮತ್ತೆ ಹೋಗಿ ಬಿಳಿಯ ಉಡುಪಿನವರನ್ನು ಹತ್ತಿರದಿಂದ ಚಿತ್ರೀಕರಿಸಿ ನಡುವೆ ಸೇರಿಸುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮೈರಿಕ್ ಮತ್ತು ಸ್ಯಾಂಚೆಜ್ ಆ ಕಿರುಚಾಟವನ್ನೂ ಓಟವನ್ನೂ ಹಾಗೆಯೇ ಉಳಿಸಿಕೊಂಡರು. ಅವಳು ಕಂಡದ್ದೇನು ಎಂಬುದು ನಮಗೆ ಕಡೆಯವರೆಗೂ ಕಾಣುವುದಿಲ್ಲ.

ಕೊನೆಯ ದೃಶ್ಯದ ತಿದ್ದುಪಡಿಯಂತೂ ಸಂಕಲನ ವಿವೇಕದ ಅತ್ಯುತ್ತಮ ಮಾದರಿಯೆಂದು ನನ್ನ ಅಭಿಪ್ರಾಯ. ಪಾಳುಮನೆಯ ನೆಲಮಾಳಿಗೆಯಲ್ಲಿ ಒಬ್ಬ ಗೆಳೆಯ ಮೂಲೆಗೆ ಮುಖ ಮಾಡಿ ಸುಮ್ಮನೆ ನಿಂತಿರುತ್ತಾನೆ, ಕ್ಯಾಮೆರಾ ನೆಲಕ್ಕೆ ಬೀಳುತ್ತದೆ, ಚಿತ್ರ ಮುಗಿಯುತ್ತದೆ. ಪರೀಕ್ಷಾರ್ಥ ಪ್ರದರ್ಶನಗಳಲ್ಲಿ ಇದು ಅರ್ಥವಾಗಲಿಲ್ಲವೆಂಬ ದೂರು ಬಂತು. ಚಿತ್ರವನ್ನು ಕೊಂಡ ಆರ್ಟಿಸನ್ ಸಂಸ್ಥೆ ಹಣ ಕೊಟ್ಟು ಬೇರೆ ಬೇರೆ ಮುಕ್ತಾಯಗಳನ್ನು ಚಿತ್ರೀಕರಿಸುವಂತೆ ಮಾಡಿತು. ಅವರು ಚಿತ್ರೀಕರಿಸಿಯೂ ಕೊಟ್ಟರು, ಆದರೆ ಮೂಲ ಮುಕ್ತಾಯವನ್ನೇ ಹಿಡಿದುಕೊಂಡರು. ಬದಲಾಯಿಸಿದ್ದು ಚಿತ್ರದ ಆರಂಭವನ್ನು. ಊರಿನವರೊಬ್ಬರು ಹಳೆಯ ಕೊಲೆಗಾರನ ವಿಷಯ ಹೇಳುತ್ತ, ಅವನು ಮಕ್ಕಳಲ್ಲಿ ಒಂದನ್ನು ಮೂಲೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದನೆಂದು ತಿಳಿಸುವ ಪುಟ್ಟ ಸಂದರ್ಶನವೊಂದನ್ನು ಸೇರಿಸಿದರು. ಕೊನೆಯಲ್ಲಿ ತೊಡಕು ಕಂಡಾಗ ಔಷಧವನ್ನು ಮೊದಲ ಪುಟಗಳಲ್ಲಿ ಹಾಕುವುದು ಬರವಣಿಗೆಯವರಿಗೂ ತಿಳಿದ ಗುಟ್ಟು. ಬಹುಮಟ್ಟಿನ ವಿದ್ಯಾರ್ಥಿಗಳು ಇದಕ್ಕೆ ವ್ಯತಿರಿಕ್ತವಾಗಿ ಕೊನೆಗೆ ಇನ್ನೊಂದು ಮುಕ್ತಾಯ, ಅದರ ಮೇಲೆ ಮತ್ತೊಂದು ‘ಟ್ವಿಸ್ಟ್’ ಹೇರುತ್ತಾರೆ.

ಕತ್ತರಿಸುವುದು ಏಕೆ ಇಷ್ಟು ಕಷ್ಟ? ಚಿತ್ರಿಸಿದವರಿಗೆ ಪ್ರತಿಯೊಂದು ತುಣುಕಿನ ಹಿಂದಿನ ಕಷ್ಟ ಗೊತ್ತಿರುತ್ತದೆ. ಬೆಳಗಿನ ಜಾವದವರೆಗೆ ಕಾದದ್ದು, ಸೊಳ್ಳೆ ಕಡಿಸಿಕೊಂಡದ್ದು, ಮನೆಯ ಯಜಮಾನರಲ್ಲಿ ಬೇಡಿಕೊಂಡು ಬಾಗಿಲು ತೆರೆಸಿದ್ದು ಎಲ್ಲವೂ ಆ ತುಣುಕಿನಲ್ಲಿ ಅವರಿಗೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಸ್ಯಾಮ್ ರೈಮಿ ಮಿಷಿಗನ್ನಿನಲ್ಲಿ ಇನ್ನೂ ಇಪ್ಪತ್ತು ದಾಟದ ವಯಸ್ಸಿನಲ್ಲಿ 1978ರಲ್ಲಿ ಗೆಳೆಯರೊಡನೆ ಸುಮಾರು 1,600 ಡಾಲರ್ ವೆಚ್ಚದಲ್ಲಿ ‘ವಿದಿನ್ ದ ವುಡ್ಸ್’ ಎಂಬ ಸುಮಾರು ಅರ್ಧ ಗಂಟೆಯ ಕಿರುಚಿತ್ರವನ್ನು ಸೂಪರ್ 8 ಫಿಲ್ಮಿನಲ್ಲಿ ಮಾಡಿದರು. ಅದನ್ನೇ ಹಣ ಹೂಡುವವರಿಗೆ ತೋರಿಸಿ ‘ದಿ ಈವಿಲ್ ಡೆಡ್’ ಚಿತ್ರಕ್ಕೆ ಬಂಡವಾಳ ಕೂಡಿಸಿದರು. ನಡುವೆ ನಟರು ಹೊರಟುಹೋದಾಗ ಬೇರೆಯವರ ಕೈಕಾಲು, ಬೆನ್ನುಗಳನ್ನು ಚಿತ್ರಿಸಿ ಕೊರತೆ ತುಂಬಿಸಿದರು. ಇಷ್ಟು ಪಾಡುಪಟ್ಟ ಆ ಚಿತ್ರದ ಮೊದಲ ಜೋಡಣೆ ಎರಡು ಗಂಟೆಗಳ ಹತ್ತಿರವಿತ್ತು. ಸಂಕಲನಕಾರ್ತಿ ಎಡ್ನಾ ರುತ್ ಪಾಲ್ ಅವರ ಕೈದಾಟಿ ಸುಮಾರು 85 ನಿಮಿಷಕ್ಕೆ ಇಳಿಯಿತು. ಆಗ ಅವರ ಸಹಾಯಕರಾಗಿದ್ದವರು ಮುಂದೆ ನಿರ್ದೇಶಕರಾಗಿ ಹೆಸರು ಮಾಡಿದ ಜೋಯೆಲ್ ಕೋಯೆನ್. ಚಿತ್ರೀಕರಣದ ಚಳಿಯನ್ನು ಅನುಭವಿಸದವರೊಬ್ಬರು ಕತ್ತರಿ ಹಿಡಿಯುವುದು ಎಷ್ಟೋ ಸಲ ಒಳ್ಳೆಯದು.

ಆದರೂ ಆ ಚಿತ್ರದಲ್ಲಿ ಕತ್ತರಿಗೆ ಸಿಗದೆ ಉಳಿದ ಒಂದು ದೃಶ್ಯವಿದೆ. ಕಾಡಿನ ಮರಬಳ್ಳಿಗಳು ಯುವತಿಯೊಬ್ಬಳ ಮೇಲೆ ಅತ್ಯಾಚಾರ ಎಸಗುವ ದೃಶ್ಯ. ಅದು ಅನಗತ್ಯವಾಗಿ ಕ್ರೂರವಾಯಿತೆಂದು ರೈಮಿಯವರೇ ಮುಂದೆ ವಿಷಾದಿಸಿದರು. ಬ್ರಿಟನ್ನಿನ ಪ್ರಮಾಣೀಕರಣ ಮಂಡಳಿ ತನ್ನ ಕತ್ತರಿಯನ್ನು ಆಡಿಸಿತು. 2001ರಲ್ಲಿ ಅದೇ ದೇಶದಲ್ಲಿ ಚಿತ್ರವು ಪೂರ್ಣ ರೂಪದಲ್ಲಿ ಅನುಮತಿ ಪಡೆಯಿತು. ಮಂಡಳಿಯ ಕತ್ತರಿ ಹೀಗೆ ಬರುತ್ತದೆ, ಹೋಗುತ್ತದೆ. ನಿರ್ದೇಶಕನ ವಿಷಾದಕ್ಕೆ ಅಂತಹ ಪರಿಹಾರವಿಲ್ಲ.

ನಮ್ಮ ಮಕ್ಕಳ ಕಿರುಚಿತ್ರಗಳ ದೆವ್ವ ಯಾರು ಎಂದು ಎಂದಾದರೂ ಯೋಚಿಸಿದ್ದೀರಾ? ಬಹುಪಾಲು ಕೂದಲು ಬಿಚ್ಚಿದ, ಬಿಳಿಯ ಸೀರೆಯುಟ್ಟ ಒಬ್ಬ ಹೆಂಗಸು. ಅವಳ ಮೇಲೆ ನಡೆದ ಅನ್ಯಾಯವನ್ನು ಒಂದು ಹಿನ್ನೋಟದಲ್ಲಿ ಅರ್ಧ ನಿಮಿಷದೊಳಗೆ ಮುಗಿಸಿ, ಅವಳ ಕೂದಲು, ಕಣ್ಣು, ಉಗುರುಗಳಿಗೆ ಐದು ನಿಮಿಷ ಮೀಸಲಿಡುತ್ತಾರೆ. ಇದು ರುಚಿಯ ದೋಷವೂ ಹೌದು, ನ್ಯಾಯದ ದೋಷವೂ ಹೌದು. ಮನೋರೋಗಿಗಳನ್ನು ಭೂತವಾಗಿಸುವ ಚಿತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸಂಕಲನದಲ್ಲಿ ಆ ಅಳತೆಯನ್ನು ತಿರುಗಿಸಿ ನೋಡಲಿ. ಅವಳು ಬದುಕಿದ್ದಾಗ ಹೇಗಿದ್ದಳೆಂದು ಕಂಡ ಮೇಲೆ, ಖಾಲಿ ಅಡುಗೆಮನೆಯ ಬಾಗಿಲು ಮೆಲ್ಲಗೆ ತೆರೆದುಕೊಂಡರೂ ಮೈ ಜುಮ್ಮೆನ್ನುತ್ತದೆ.

ಶಿಲುಬೆ, ಸಮಾಧಿಭೂಮಿ, ನಿಲುವಂಗಿ ತೊಟ್ಟ ಗುರುಗಳು ಇವೂ ಇಂಥ ಚಿತ್ರಗಳಲ್ಲಿ ಅಗ್ಗವಾಗಿ ಸಿಗುವ ಸಾಮಗ್ರಿಗಳಾಗಿವೆ. ಗೋಡೆಯ ಶಿಲುಬೆ ತಾನಾಗಿ ತಲೆಕೆಳಗಾಗುವ ಒಂದು ತುಣುಕಂತೂ ಕಡ್ಡಾಯವೇನೋ ಎಂಬಂತಿದೆ. ಕೋಪಗೊಳ್ಳುವ ಅಗತ್ಯವಿಲ್ಲ. ‘ಇದನ್ನು ತೆಗೆದುಬಿಟ್ಟರೆ ಕಥೆಗೆ ಏನು ಕಡಿಮೆಯಾಗುತ್ತದೆ?’ ಎಂದು ಕೇಳಿ ಸಾಕು. ಉತ್ತರ ಬಾರದಿದ್ದರೆ ಅದು ಅಲಂಕಾರಕ್ಕೆ ತೂಗುಹಾಕಿದ್ದು.

ಶಬ್ದದ ಬಗ್ಗೆ ಒಂದು ಮಾತು. ಜಾನ್ ಕಾರ್ಪೆಂಟರ್ 1978ರ ತಮ್ಮ ‘ಹ್ಯಾಲೋವೀನ್’ ಚಿತ್ರವನ್ನು ಸಂಗೀತ ಮತ್ತು ಧ್ವನಿ ಪರಿಣಾಮಗಳಿಲ್ಲದೆ ಚಿತ್ರಸಂಸ್ಥೆಯೊಂದರ ಅಧಿಕಾರಿಣಿಗೆ ತೋರಿಸಿದಾಗ ಆಕೆಗೆ ಕಿಂಚಿತ್ತೂ ಹೆದರಿಕೆಯಾಗಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಅನಂತರ ತಾವೇ ಕೂಡಿಸಿದ ಸರಳ ಪಿಯಾನೋ ಸ್ವರಗಳು ಆ ಚಿತ್ರವನ್ನು ಉಳಿಸಿದವು. ಸಂಗೀತವೆಂದರೆ ಗದ್ದಲವೆಂದು ತಿಳಿದ ನಮ್ಮ ಯುವಕರು ಅಂತರ್ಜಾಲದಿಂದ ಇಳಿಸಿಕೊಂಡ ಢಂ ಎಂಬ ಸದ್ದನ್ನು ಪ್ರತಿ ಬಾಗಿಲಿಗೂ ಅಂಟಿಸುತ್ತಾರೆ. ಮೂರನೆಯ ಸಲಕ್ಕೆ ಅಜ್ಜಿಯೂ ಬೆಚ್ಚುವುದಿಲ್ಲ. ಮನೆಯ ಫ್ರಿಜ್ಜಿನ ಗುಂಯ್ ಸದ್ದು ತಟ್ಟನೆ ನಿಂತರೆ ಅದಕ್ಕಿಂತ ಹೆಚ್ಚು ಕೆಲಸವಾದೀತು, ಖರ್ಚೂ ಇಲ್ಲ.

ಇದೆಲ್ಲದರ ನಡುವೆ ನಟಿಸಿದ ಗೆಳೆಯರನ್ನು ಮರೆಯಬಾರದು. ‘ಬ್ಲೇರ್ ವಿಚ್’ ಚಿತ್ರದಲ್ಲಿ ಮೂವರು ನಟರ ನಿಜವಾದ ಹೆಸರುಗಳನ್ನೇ ಬಳಸಲಾಗಿತ್ತು; ಕಾಡಿನಲ್ಲಿ ಅವರಿಗೆ ದಿನದಿಂದ ದಿನಕ್ಕೆ ಆಹಾರ ಕಡಿಮೆ ಮಾಡಲಾಗಿತ್ತು. ಚಿತ್ರ ಜಗತ್ತಿನಾದ್ಯಂತ 24 ಕೋಟಿ ಡಾಲರುಗಳಿಗೂ ಹೆಚ್ಚು ಗಳಿಸಿತು. 2024ರಲ್ಲಿ ಆ ಮೂವರೂ ತಮಗೆ ನ್ಯಾಯವಾಗಿ ಸಲ್ಲಬೇಕಾದ ಪಾಲು ಸಿಗಲೆಂದು ಬಹಿರಂಗ ಪತ್ರ ಬರೆಯಬೇಕಾಯಿತು. ಆದ್ದರಿಂದ ನಿಮ್ಮ ಮನೆಯ ನಿರ್ದೇಶಕನಿಗೋ ನಿರ್ದೇಶಕಿಗೋ ಕೇಳಿ: ಆ ಹುಡುಗಿ ನಿಜವಾಗಿ ಅಳುತ್ತಿರುವ ಈ ತುಣುಕನ್ನು ಅವಳಿಗೆ ತೋರಿಸಿದಿರಾ? ಇದನ್ನು ಎಲ್ಲರಿಗೂ ಹಂಚಲು ಅವಳು ಒಪ್ಪಿದಳೇ?

ಮುಂದಿನ ಸಲ ಲ್ಯಾಪ್‌ಟಾಪು ನಿಮ್ಮ ಮುಂದೆ ಬಂದಾಗ ಒಂದು ಕಾಗದ, ಪೆನ್ಸಿಲು ಹತ್ತಿರವಿಟ್ಟುಕೊಳ್ಳಿ. ನಿಮ್ಮ ಗಮನ ಗಡಿಯಾರದ ಕಡೆಗೆ ಹೋದ ನಿಮಿಷವನ್ನು ಬರೆದಿಡಿ, ನಗಬಾರದ ಕಡೆ ನಗು ಬಂದ ನಿಮಿಷವನ್ನೂ ಬರೆದಿಡಿ. ನಡುವೆ ಮಗ ‘ಅದು ಏನೆಂದರೆ...’ ಎಂದು ವಿವರಿಸಲು ಬಾಯಿ ತೆರೆದರೆ ತಡೆಯಿರಿ. ಅವನು ವಿವರಿಸಲು ಹೊರಟ ಜಾಗವನ್ನೂ ಗುರುತು ಹಾಕಿ. ಚಿತ್ರ ಮುಗಿದ ಮೇಲೆ ಆ ಚೀಟಿಯನ್ನು ಅವನ ಕೈಗೆ ಕೊಟ್ಟು, ತಿದ್ದಿದ ಪ್ರತಿಯನ್ನು ಯಾವಾಗ ತೋರಿಸುತ್ತಾನೆಂದು ಕೇಳಿ.